ಬೇಸಿಗೆ ರಜೆಯಲ್ಲಿ ಬಡವರ ಕೇಸು ಕಲಿಯಬೇಕು ಅಂದರೆ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾನು ಮೂರು ವರ್ಷದ ಎಲ್‌ಎಲ್‌ಬಿಯ ಎರಡನೇ ವರ್ಷದಲ್ಲಿದ್ದೇನೆ. ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ಬೇಸಿಗೆ ರಜೆಗೆ ನನ್ನ ಜೊತೆಯವರೆಲ್ಲ ಬೆಂಗಳೂರಿನ ಕಂಪನಿ ವಕೀಲರ ಆಫೀಸುಗಳಿಗೆ ಇಂಟರ್ನ್‌ಶಿಪ್‌ಗೆ ಹೋಗುತ್ತಿದ್ದಾರೆ. ನನಗೆ ಬಡವರ ಕೇಸುಗಳನ್ನು ನೋಡುವ ಕಡೆ ಕೆಲಸ ಕಲಿಯುವ ಆಸೆ. ಎಲ್ಲಿ ಕೇಳಬೇಕು? ಮೇ ತಿಂಗಳಲ್ಲಿ ಕೋರ್ಟಿಗೇ ರಜೆ ಇರುತ್ತದಲ್ಲ, ಏನು ಕಲಿಯೋಕೆ ಆಗುತ್ತೆ? ಅಮೆರಿಕದಲ್ಲಿ ಓದುವ ನಮ್ಮ ಸೋದರಮಾವನ ಮಗನಿಗೆ ಇಂಥ ಕೆಲಸಕ್ಕೆ ದುಡ್ಡೂ ಕೊಡುತ್ತಾರಂತೆ. ‘ಇದರಲ್ಲಿ ಹೊಟ್ಟೆ ತುಂಬುತ್ತಾ’ ಅಂತ ಅಪ್ಪ ಕೇಳುತ್ತಿದ್ದಾರೆ. ಇನ್ನೊಂದು ಮಾತು, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ.

ಉತ್ತರ: ಕೊನೇ ಸಾಲಿನಿಂದ ಶುರು ಮಾಡುತ್ತೇನೆ. ಅದನ್ನು ನೀವು ನಾಚಿಕೊಂಡು ಬರೆದ ಹಾಗಿದೆ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನನ್ನ ಆಫೀಸಿಗೆ ಒಬ್ಬ ಹುಡುಗ ಇಂಟರ್ನ್‌ಶಿಪ್‌ಗೆ ಬಂದಿದ್ದ. ಹೆಸರಾದ ಕಾಲೇಜು, ಚೆಂದದ ಇಂಗ್ಲಿಷ್. ಅವನು ಬಂದ ಮೂರನೇ ದಿನ ಒಬ್ಬ ಅಜ್ಜಿ ಬಂದಳು. ಎಂಟು ತಿಂಗಳಿಂದ ಸಂಧ್ಯಾ ಸುರಕ್ಷಾ ದುಡ್ಡು ಬಂದಿಲ್ಲ, ತಿಂಗಳಿಗೆ 1,200 ರೂಪಾಯಿ. ಸೊಂಟದ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿದಳು. ಆಧಾರ್, ರೇಷನ್ ಕಾರ್ಡ್, ಮಡಿಕೆಯಲ್ಲಿ ಹರಿದುಹೋದ ಮಂಜೂರಾತಿ ಆದೇಶ, ಒಂದು ಪಾಸ್‌ಬುಕ್. ಹುಡುಗ ಎಲ್ಲವನ್ನೂ ನೋಡಿ, ಸರ್, ಇದು ಆರ್ಟಿಕಲ್ 21, ಬದುಕುವ ಹಕ್ಕು, ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು ಅಂದ. ಅಷ್ಟರಲ್ಲಿ ಅಜ್ಜಿ ತನ್ನ ಪಾಡಿಗೆ ತಾನು ‘ಇನ್ನೊಂದ್ ಬುಕ್ ಐತ್ರೀ, ಅದರಾಗ ಏನೂ ಇಲ್ಲ ಬಿಡ್ರಿ’ ಅಂದಳು. ಹುಡುಗನ ಕಿವಿಗೆ ಅದು ಬೀಳಲೇ ಇಲ್ಲ.

ಮಾರನೇ ದಿನ ಆ ಇನ್ನೊಂದು ಬುಕ್ಕು ತರಿಸಿದೆವು. ಹಿಂದಿನ ವರ್ಷ ಯಾವುದೋ ಸಂಘದ ಸಾಲಕ್ಕೆ ಅಂತ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಸಿದ್ದರು. ಅಲ್ಲಿ ಆಧಾರ್ ಜೋಡಣೆ ಆದ ತಕ್ಷಣ ಪಿಂಚಣಿಯೂ ಅಲ್ಲಿಗೇ ಹೋಗೋಕೆ ಶುರುವಾಗಿತ್ತು. ಎಂಟ್ರಿ ಹಾಕಿಸಿದರೆ 9,600 ರೂಪಾಯಿ ಅಲ್ಲೇ ಬಿದ್ದಿದೆ. ರಿಟ್ಟೂ ಬೇಡ, ನೋಟಿಸೂ ಬೇಡ. ಬೇಕಾಗಿದ್ದದ್ದು ಅಜ್ಜಿ ಗೊಣಗಿದ್ದನ್ನು ಕೇಳಿಸಿಕೊಳ್ಳುವ ಕಿವಿ.

ನಿಮಗೆ ಆ ಕಿವಿ ಹುಟ್ಟಿನಿಂದ ಬಂದಿದೆ. ತೀರ್ಪುಗಳನ್ನು ಓದುವಷ್ಟು ಇಂಗ್ಲಿಷ್ ದಿನಾ ಎರಡು ಪುಟ ಓದಿದರೆ ಬರುತ್ತೆ. ಬಡವರ ಕಾನೂನು ಅಂತ ನಾವು ಕರೆಯೋದರಲ್ಲಿ ಮುಕ್ಕಾಲು ಪಾಲು ಕೋರ್ಟಿನಲ್ಲಿ ನಡೆಯುವುದೇ ಇಲ್ಲ. ನಾಡಕಚೇರಿಯ ಕಿಟಕಿ, ಅಸಿಸ್ಟೆಂಟ್ ಕಮಿಷನರ್ (ಎಸಿ) ಕಚೇರಿಯ ವರಾಂಡ, ಜೈಲಿನ ಸಂದರ್ಶನದ ಕೋಣೆ, ಬ್ಯಾಂಕಿನ ಕೌಂಟರ್, ಇಲ್ಲೆಲ್ಲ ನಡೆಯುತ್ತೆ. ಅದಕ್ಕೇ ಮೇ ತಿಂಗಳಲ್ಲಿ ಕೋರ್ಟಿಗೆ ರಜೆ ಅಂತ ನೀವು ಚಿಂತೆ ಮಾಡಬೇಡಿ. ಹೈಕೋರ್ಟಿನಲ್ಲಿ ರಜಾಪೀಠ ಮಾತ್ರ ಕೂರುತ್ತೆ, ನಿಜ. ಆದರೆ ಜೈಲಿಗೆ ಬೇಸಿಗೆ ರಜೆ ಇಲ್ಲ, ಪೊಲೀಸ್ ಸ್ಟೇಷನ್ನಿಗಿಲ್ಲ, ಹಿಡಿದವರನ್ನು ರಿಮ್ಯಾಂಡಿಗೆ ಮ್ಯಾಜಿಸ್ಟ್ರೇಟರ ಮುಂದೆ ತರುವುದು ನಿಲ್ಲಲ್ಲ, ತಾಲೂಕು ಕಚೇರಿ ಬಾಗಿಲು ಹಾಕಲ್ಲ. ಸೀನಿಯರ್‌ಗಳು ಆಗ ಸ್ವಲ್ಪ ಬಿಡುವಾಗಿರುತ್ತಾರೆ. ಜುಲೈನಲ್ಲಿ ನಿಮ್ಮ ಕಡೆ ತಿರುಗಿಯೂ ನೋಡದವರು ಮೇನಲ್ಲಿ ಕೂರಿಸಿಕೊಂಡು ಫೈಲು ಬಿಚ್ಚಿ ತೋರಿಸುತ್ತಾರೆ.

ಈಗ ಎಲ್ಲಿ ಅನ್ನೋದು. ಮೊದಲು ನಿಮ್ಮದೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತೆ, ಸದಸ್ಯ ಕಾರ್ಯದರ್ಶಿ ಅಂತ ಒಬ್ಬರು ನ್ಯಾಯಾಧೀಶರು ಇರುತ್ತಾರೆ. ಸಂವಿಧಾನದಲ್ಲಿ 39ಎ ಅಂತ ಒಂದು ವಿಧಿ ಇದೆ ಅಲ್ವಾ, ಉಚಿತ ಕಾನೂನು ನೆರವಿನದು, 1976ರ ತಿದ್ದುಪಡಿಯಲ್ಲಿ ಸೇರಿಸಿದ್ದು. ಅದನ್ನು ನಡೆಸೋಕೆ 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂತು, ಜಾರಿಯಾದದ್ದು ಮಾತ್ರ 1995ರ ನವೆಂಬರ್ 9ಕ್ಕೆ. ಆ ಕಾಯ್ದೆಯ 12ನೇ ಕಲಂ ಬಾಯಿಪಾಠ ಮಾಡಿಕೊಂಡು ಹೋಗಿ. ಯಾರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ ಅಂತ ಅದರಲ್ಲಿದೆ: ಎಸ್‌ಸಿ, ಎಸ್‌ಟಿ, ಹೆಂಗಸರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇನ್ನೂ ಕೆಲವರು. ಇವರಿಗೆ ಆದಾಯದ ಮಿತಿ ಇಲ್ಲ. ‘ನಾನು ಅಂಗನವಾಡಿ ಟೀಚರ್, ಸಂಬಳ ಬರುತ್ತೆ, ನನಗೆ ಫ್ರೀ ವಕೀಲರು ಸಿಗಲ್ಲ’ ಅಂತ ಅಂದುಕೊಂಡು ಬಡ್ಡಿಗೆ ಸಾಲ ತಂದು ಫೀಸು ಕಟ್ಟಿದ ಹೆಣ್ಣುಮಕ್ಕಳನ್ನು ನಾನೇ ನೋಡಿದ್ದೇನೆ. ಇದೊಂದು ಸಾಲನ್ನು ಬಸ್‌ಸ್ಟಾಂಡಿನಲ್ಲಿ ಹತ್ತು ಜನಕ್ಕೆ ಹೇಳಿದರೂ ನಿಮ್ಮ ರಜೆ ದಂಡ ಆಗಲ್ಲ. 15100 ಅನ್ನೋ ಸಹಾಯವಾಣಿ ನಂಬರನ್ನೂ ಜೊತೆಗೆ ಹೇಳಿ.

ಅರ್ಜಿ ಕನ್ನಡದಲ್ಲೇ ಬರೆಯಿರಿ, ಒಂದೇ ಪುಟ. ಪ್ರಿನ್ಸಿಪಾಲರ ಪತ್ರ ಲಗತ್ತಿಸಿ. ಯಾವ ತಾರೀಖಿನಿಂದ ಯಾವ ತಾರೀಖು ಅಂತ ಸ್ಪಷ್ಟವಾಗಿ ಹಾಕಿ. ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ನಿಮ್ಮ ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ ಇಂಟರ್ನ್‌ಶಿಪ್ ಆಗಬೇಕು, ಆದರೆ ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಹೋಗುವ ಹಾಗಿಲ್ಲ. ಒಂದು ಸಲವಾದರೂ ಕೋರ್ಟಿನಲ್ಲಿ ಕೇಸು ನಡೆಸುವ ವಕೀಲರ ಹತ್ತಿರ ಇರಲೇಬೇಕು. ಈ ಲೆಕ್ಕ ಗೊತ್ತಿದ್ದರೆ ಕೊನೇ ವರ್ಷ ಸರ್ಟಿಫಿಕೇಟಿಗೆ ಓಡಾಡುವುದು ತಪ್ಪುತ್ತೆ.

ಒಂದು ಎಚ್ಚರಿಕೆ. ಎಲ್ಲ ಕಡೆಯೂ ಕೆಲಸ ಕಲಿಸುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಕಚೇರಿಯಲ್ಲಿ (ಹೆಸರು ಬೇಡ) ಇಡೀ ತಿಂಗಳು ಶಿಬಿರದ ಆಹ್ವಾನ ಪತ್ರಿಕೆಗಳಿಗೆ ವಿಳಾಸ ಬರೆದೆ. ಕೊನೇ ದಿನ ಸರ್ಟಿಫಿಕೇಟ್ ಕೊಟ್ಟರು, ಫೋಟೋ ತೆಗೆದರು, ಮುಗೀತು. ಹಾಗಾಗಬಾರದು ಅಂದರೆ ಮೊದಲ ದಿನವೇ ಬಾಯಿಬಿಟ್ಟು ಕೇಳಿ: ‘ಮೇಡಂ, ನಾನು ಪ್ರಾಧಿಕಾರದ ಪ್ಯಾನಲ್ ವಕೀಲರ ಜೊತೆ ಜೈಲಿಗೆ ಹೋಗಬಹುದಾ? ಅರ್ಜಿ ಹಿಡಿದು ಬರುವವರ ಜೊತೆ ಕೂರಬಹುದಾ?’ ಬಾಯಿಬಿಟ್ಟು ಕೇಳುವ ಹುಡುಗಿಯನ್ನು ಯಾರೂ ಲಕೋಟೆ ಅಂಟಿಸೋಕೆ ಕೂರಿಸುವುದಿಲ್ಲ. ಕೂರಿಸಿದರೂ ಒಂದು ವಾರ ಅಷ್ಟೇ.

ಎರಡು ವಾರ ಅಲ್ಲಿ, ಉಳಿದ ಎರಡು ವಾರ ತಾಲೂಕಿನ ಒಬ್ಬ ವಕೀಲರ ಹತ್ತಿರ, ಇದು ನನ್ನ ಸಲಹೆ. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ, ದೆಹಲಿಯ ಹ್ಯೂಮನ್ ರೈಟ್ಸ್ ಲಾ ನೆಟ್‌ವರ್ಕ್ ಇವೆಲ್ಲ ಒಳ್ಳೆಯ ಜಾಗಗಳೇ. ಆದರೆ ಅವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ದೊಡ್ಡ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಸಂಶೋಧನೆ ಮಾಡುವ ಮುಂಚೆ, ಒಂದು ಜಾಮೀನು ಆದೇಶ ಬಂದ ಮೇಲೂ ಮನುಷ್ಯ ಯಾಕೆ ಹೊರಗೆ ಬರಲ್ಲ ಅಂತ ಕಣ್ಣಾರೆ ನೋಡಿರಬೇಕು.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೇಸಿಗೆಯಲ್ಲಿ ನಿಮಗೆ ಜಾಸ್ತಿ ಕಲಿಸೋದು ಜೈಲು.

ಮೋತಿರಾಮ್ ಅಂತ ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನು ಇದ್ದ. ಸುಪ್ರೀಂ ಕೋರ್ಟ್ ಅವನಿಗೆ ಜಾಮೀನು ಕೊಟ್ಟಿತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವನ ತಮ್ಮನೋ ಅಣ್ಣನೋ ಶ್ಯೂರಿಟಿಗೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ವಾಪಸ್ ಕಳಿಸಿದರು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದು ತಪ್ಪು ಅಂತ ಖಾರವಾಗಿಯೇ ಬರೆದರು. ಮರುವರ್ಷ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ಬಿಹಾರದ ಜೈಲುಗಳಲ್ಲಿ ತಮ್ಮ ಅಪರಾಧಕ್ಕೆ ಆಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಕಥೆ ಹೊರಗೆ ಬಂತು. ಇವೆರಡನ್ನೂ ನಿಮ್ಮ ಪುಸ್ತಕದಲ್ಲಿ ಓದಿಯೇ ಇರುತ್ತೀರಿ. ಪರೀಕ್ಷೆಗೆ ಹತ್ತು ಮಾರ್ಕಿನ ಪ್ರಶ್ನೆ. ಜೈಲಿಗೆ ಹೋದರೆ ಮೋತಿರಾಮ್ ಇವತ್ತೂ ಸಿಗುತ್ತಾನೆ. ಜಾಮೀನು ಸಿಕ್ಕಿರುತ್ತೆ, ಪಹಣಿ ಇರುವ ಶ್ಯೂರಿಟಿ ಸಿಕ್ಕಿರಲ್ಲ. ಬಳ್ಳಾರಿಯ ಇಟ್ಟಿಗೆ ಭಟ್ಟಿಗೆ ಬಂದ ಒಡಿಶಾದ ಹುಡುಗನಿಗೆ ಇಲ್ಲಿ ಪಹಣಿ ತಂದುಕೊಡೋರು ಯಾರು ಹೇಳಿ? 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ಮಾಡಿತು. ಜಾಮೀನು ಆದೇಶವಾಗಿ ಏಳು ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ಯಾರನ್ನಾದರೂ ಕಳಿಸಿ ಕೈದಿಯ ಜೊತೆ ಮಾತಾಡಿಸಬೇಕು. ಆ ‘ಯಾರಾದರೂ’ ಜೊತೆ ನೀವು ಹೋಗಬಹುದು. ಒಬ್ಬರೇ ಜೈಲಿನೊಳಗೆ ಹೋಗುವ ಹಾಗಿಲ್ಲ, ಅನುಮತಿ ಬೇಕು, ವಕೀಲರ ಜೊತೆಯೇ ಹೋಗಬೇಕು. ಫೋನು ಗೇಟಿನಲ್ಲೇ ಬಿಡಬೇಕು.

ಇನ್ನೊಂದು ಲೆಕ್ಕ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು 436ಎ. ವಿಚಾರಣಾಧೀನ ಕೈದಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ ಜಾಮೀನಿಗೆ ಅರ್ಹ. ಹೊಸದಾಗಿ ಸೇರಿಸಿದ್ದು ಏನೆಂದರೆ, ಹಿಂದೆ ಯಾವತ್ತೂ ಶಿಕ್ಷೆ ಆಗಿಲ್ಲದವನಾದರೆ ಮೂರನೇ ಒಂದು ಭಾಗ ಸಾಕು. ಸಾದಾ ಕಳ್ಳತನಕ್ಕೆ ಮೂರು ವರ್ಷ, ಅಂದರೆ ಒಂದು ವರ್ಷ ಆಗಿದ್ದರೆ ಸಾಕು. ಮನೆಯೊಳಗಿನ ಕಳ್ಳತನಕ್ಕೆ ಏಳು ವರ್ಷ, ಅಂದರೆ ಎರಡು ವರ್ಷ ನಾಲ್ಕು ತಿಂಗಳು. ಮರಣದಂಡನೆ, ಜೀವಾವಧಿ ಆಗಬಹುದಾದ ಅಪರಾಧಕ್ಕೆ ಇದು ಅನ್ವಯಿಸಲ್ಲ. ಒಬ್ಬನ ಮೇಲೆ ಎರಡು ಮೂರು ಕೇಸಿದ್ದರೂ ಸಿಗಲ್ಲ, ಅಲ್ಲೇ ಎಷ್ಟೋ ಜನ ಸಿಕ್ಕಿಹಾಕಿಕೊಳ್ಳೋದು. ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮುಂಚಿನ ಕೇಸುಗಳಿಗೂ ಇದು ಅನ್ವಯ ಅಂತ ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಲೆಕ್ಕ ಹಾಕೋಕೆ ಯಾವ ಪಾಂಡಿತ್ಯವೂ ಬೇಡ. ಒಂದು ನೋಟ್‌ಬುಕ್ಕು, ಒಂದು ಕ್ಯಾಲೆಂಡರ್ ಸಾಕು. ಯಾವ ಕಲಂ, ಎಂದು ಹಿಡಿದರು, ಬೇರೆ ಕೇಸಿದೆಯಾ, ಜಾಮೀನು ಅರ್ಜಿ ಹಾಕಿದ್ದಾರಾ, ಮನೆಗೆ ಗೊತ್ತಿದೆಯಾ, ಇಷ್ಟನ್ನೇ ಕೇಳಿ ಬರೆದುಕೊಳ್ಳಿ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇರುತ್ತೆ. ನಿಮ್ಮ ಪಟ್ಟಿ ನೀಟಾಗಿದ್ದರೆ ಕಾರ್ಯದರ್ಶಿ ಅದನ್ನು ಆ ಸಭೆಗೆ ತಗೊಂಡು ಹೋಗುತ್ತಾರೆ. ಎರಡನೇ ವರ್ಷದ ವಿದ್ಯಾರ್ಥಿನಿ ಒಬ್ಬಳು ಬರೆದ ಪಟ್ಟಿಯಿಂದ ಇಬ್ಬರು ಹೊರಬಂದದ್ದನ್ನು ನಾನು ನೋಡಿದ್ದೇನೆ. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೇ ಇತ್ತು.

ಜಮೀನಿನ ಕೇಸುಗಳನ್ನು ತಾಲೂಕು ವಕೀಲರ ಹತ್ತಿರ ನೋಡಿ. ಪಿಟಿಸಿಎಲ್ ಅಂತ ಎಲ್ಲರ ಬಾಯಲ್ಲಿ ಇರುವುದು 1978ರ ಕರ್ನಾಟಕದ ಕಾಯ್ದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1979ರ ಜನವರಿ 1ರ ನಂತರ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟ ಅಸಿಂಧು. ಅರ್ಜಿ ಹಾಕೋದು ಎಸಿ ಮುಂದೆ. 2017ರಲ್ಲಿ ಸುಪ್ರೀಂ ಕೋರ್ಟ್, ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕು ಅಂತ ಹೇಳಿದ ಮೇಲೆ ತಡವಾಯಿತು ಅನ್ನೋ ಕಾರಣಕ್ಕೆ ಸಾಲುಸಾಲು ಅರ್ಜಿ ವಜಾ ಆದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂದಿತು. ಆದರೂ ತಡದ ವಾದ ಇನ್ನೂ ಎದುರಾಗುತ್ತಲೇ ಇದೆ. ನಿಮ್ಮ ಕೆಲಸ ಆ ವಾದ ಮಾಡುವುದಲ್ಲ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಸಾಗುವಳಿ ಚೀಟಿಯ ನಕಲು ಹುಡುಕಿಸುವುದು. ಅಜ್ಜನ ಹೆಸರು ಒಂದು ಕಡೆ ದುರಗಪ್ಪ, ಇನ್ನೊಂದು ಕಡೆ ದುರ್ಗಪ್ಪ, ಮತ್ತೊಂದು ಕಡೆ ಅಡ್ಡಹೆಸರು ಮಾತ್ರ. ಇವರೆಲ್ಲ ಒಬ್ಬನೇ ಅಂತ ತೋರಿಸುವ ವಂಶವೃಕ್ಷ ಬರೆಯೋಕೆ ಒಂದು ಇಡೀ ದಿನ ಹಿಡಿಯುತ್ತೆ. ಧೂಳಿಗೆ ಸೀನು ಬರುತ್ತೆ, ಕರ್ಚೀಫು ಇರಲಿ.

ಹೆಣ್ಣುಮಕ್ಕಳ ಜೀವನಾಂಶದ ಕೇಸುಗಳೂ ಬೇಕಾದಷ್ಟು ಬರುತ್ತವೆ. 2020ರ ರಜನೀಶ್–ನೇಹಾ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ಅದನ್ನು ಆಕೆಯ ಜೊತೆ ಕೂತು ತುಂಬಿಸಿ. ‘ತಿಂಗಳ ಖರ್ಚು ಎಷ್ಟು’ ಅಂದರೆ ಆಕೆ ಸುಮ್ಮನಾಗುತ್ತಾಳೆ. ಹಾಲಿಗೆಷ್ಟು, ಮಗುವಿನ ಕೆಮ್ಮಿನ ಔಷಧಿಗೆಷ್ಟು ಅಂತ ಕೇಳಿದರೆ ಲೆಕ್ಕ ಬರುತ್ತೆ.

ಅಮೆರಿಕದ ಮಾತು. ನಿಮ್ಮ ಸೋದರಮಾವನ ಮಗ ಹೇಳಿದ್ದು ಸುಳ್ಳಲ್ಲ. ಅಲ್ಲಿ 1974ರಿಂದ ಲೀಗಲ್ ಸರ್ವಿಸಸ್ ಕಾರ್ಪೊರೇಷನ್ ಅಂತ ಇದೆ, ಕೇಂದ್ರ ಸರ್ಕಾರದ ದುಡ್ಡಿನಿಂದ ಬಡವರ ಸಿವಿಲ್ ಕೇಸುಗಳಿಗೆ ಊರೂರಲ್ಲಿ ಕಚೇರಿ ನಡೆಸುವವರಿಗೆ ಹಣ ಕೊಡುತ್ತೆ. ಬೇಸಿಗೆಯಲ್ಲಿ ಇಂಥ ಕಚೇರಿಗಳಿಗೆ ಹೋಗುವ ವಿದ್ಯಾರ್ಥಿಗಳಿಗೆ ಎಷ್ಟೋ ಕಾಲೇಜುಗಳೇ ನಿಧಿ ಎತ್ತಿ ಖರ್ಚು ಕೊಡುತ್ತವೆ. ಅಲ್ಲಿನ ರಾಜ್ಯಗಳಲ್ಲಿ ವಕೀಲರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಯೇ ಕೋರ್ಟಿನಲ್ಲಿ ನಿಂತು ಮಾತಾಡೋಕೂ ನಿಯಮಗಳಿವೆ. ನಮ್ಮಲ್ಲಿ 1961ರ ವಕೀಲರ ಕಾಯ್ದೆ ಪ್ರಕಾರ ಸನ್ನದು ಇಲ್ಲದವರು ವಕೀಲಿ ಮಾಡುವ ಹಾಗಿಲ್ಲ. ಹಾಗಾಗಿ ಕೋರ್ಟಿನಲ್ಲಿ ನಿಮ್ಮ ಬಾಯಿ ಬಂದ್.

ಆದರೆ ಅರ್ಜಿ ಬರೆಯೋಕೆ ಯಾರ ಸನ್ನದೂ ಬೇಡ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ, ಬಿಪಿಎಲ್ ಆದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದು ಗೊತ್ತಿಲ್ಲದೆ ನಾಲ್ಕು ಪುಟ ಬರೆದು ವಾಪಸ್ ಬಂದ ಅರ್ಜಿಗಳು ನನ್ನ ಹತ್ತಿರ ಒಂದು ಕಟ್ಟೇ ಇವೆ. ಸರ್ಕಾರಿ ಸೇವೆಗಳ ‘ಸಕಾಲ’ ಯೋಜನೆಯಲ್ಲಿ ಹಾಕಿದ ಅರ್ಜಿಗೆ 15 ಅಂಕಿಯ ಜಿಎಸ್‌ಸಿ ನಂಬರ್ ಕೊಡಬೇಕು. ಆ ಚೀಟಿ ಇಸಿದುಕೊಳ್ಳದೆ ಕಿಟಕಿ ಬಿಡಬೇಡಿ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಪರಿಹಾರ. ಮೊತ್ತ ನೋಡಿ ನಗು ಬರಬಹುದು, ಆದರೆ ‘ಸಾರ್, ಜಿಎಸ್‌ಸಿ ನಂಬರ್ ಹೇಳಿ’ ಅಂದಾಗ ಕಿಟಕಿಯ ಆಚೆಯವರು ತಲೆ ಎತ್ತಿ ನೋಡುತ್ತಾರೆ.

ಮಾಡಬಾರದ್ದು ಮೂರು ನಾಲ್ಕಿದೆ. ‘ಆಗುತ್ತೆ, ಬಿಡಿ’ ಅಂತ ಯಾರಿಗೂ ಹೇಳಬೇಡಿ, ಅವರು ಅದನ್ನೇ ತೀರ್ಪು ಅಂದುಕೊಳ್ಳುತ್ತಾರೆ. ಚಹಾ ಬೇಕಾದರೆ ಕುಡಿಯಿರಿ, ದುಡ್ಡು ಮಾತ್ರ ಕೈಯಲ್ಲಿ ಮುಟ್ಟಬೇಡಿ, ಬಸ್‌ಚಾರ್ಜಿಗೆ ಅಂತ ಕೊಟ್ಟರೂ. ಕಕ್ಷಿದಾರರ ಜೊತೆ ಸೆಲ್ಫಿ ತೆಗೆದು ಸ್ಟೇಟಸ್ ಹಾಕಬೇಡಿ. ಅಸಲು ಕಾಗದ ನಿಮ್ಮ ಚೀಲದಲ್ಲಿ ಇಟ್ಟುಕೊಂಡು ಮನೆಗೆ ಹೋಗಬೇಡಿ. ಜೆರಾಕ್ಸ್ ಮಾಡಿಸಿ ಅಸಲು ಅಲ್ಲೇ ಅವರ ಕೈಗೆ ಕೊಡಿ.

ಈಗ ನಿಮ್ಮ ಅಪ್ಪ. ಅವರು ಕೇಳಿದ್ದು ಸರಿಯಾದ ಪ್ರಶ್ನೆ, ಅವರ ಮೇಲೆ ಸಿಟ್ಟಾಗಬೇಡಿ. ನಿಜ ಹೇಳಬೇಕೆಂದರೆ, ಕಾನೂನು ನೆರವಿನ ಪ್ಯಾನಲ್ ಫೀಸಿನಿಂದ ಮನೆ ನಡೆಯಲ್ಲ. ನಾನು ಬದುಕಿದ್ದು ಎಂವಿಸಿ ಕೇಸುಗಳಿಂದ, ಅಂದರೆ ರಸ್ತೆ ಅಪಘಾತದ ಪರಿಹಾರದ ಕೇಸುಗಳು. ಜಿಲ್ಲೆಗಳಲ್ಲಿ ಬಡವರ ಕೆಲಸ ಮಾಡುವ ಎಷ್ಟೋ ವಕೀಲರ ಅಡುಗೆಮನೆ ಹೀಗೇ ನಡೆಯುತ್ತೆ. ಆದರೆ 2022ರಿಂದ ಒಂದು ಹೊಸ ದಾರಿ ತೆರೆದಿದೆ. ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಅಂತ, ಜಿಲ್ಲೆಗಳಲ್ಲಿ ಬಡ ಆರೋಪಿಗಳ ಪರ ಕ್ರಿಮಿನಲ್ ಕೇಸು ನಡೆಸೋಕೆ ಪೂರ್ಣಾವಧಿ ವಕೀಲರನ್ನು ಗುತ್ತಿಗೆಯ ಮೇಲೆ ತಗೊಳ್ಳುತ್ತಾರೆ. ತಿಂಗಳ ಗೌರವಧನ ಇರುತ್ತೆ, ಖಾಸಗಿ ಕೇಸು ಹಿಡಿಯುವ ಹಾಗಿಲ್ಲ. ಅದರಲ್ಲಿ ಅಸಿಸ್ಟೆಂಟ್ ಹುದ್ದೆಗೆ ಸೊನ್ನೆಯಿಂದ ಮೂರು ವರ್ಷದ ಅನುಭವ ಸಾಕು. ಸನ್ನದು ಸಿಕ್ಕ ಮರುದಿನವೇ ಅರ್ಜಿ ಹಾಕಬಹುದು. ಕೆಲಸ ಕಾಯಂ ಅಲ್ಲ, ಅದನ್ನೂ ಅಪ್ಪನಿಗೆ ಹೇಳಿಬಿಡಿ. ಜೈಲಿನ ಪಟ್ಟಿ ಮಾಡಿ ಗೊತ್ತಿರುವ ಹುಡುಗಿಗೆ ಆ ಸಂದರ್ಶನದಲ್ಲಿ ಮಾತಾಡೋಕೆ ಸರಕು ಇರುತ್ತೆ.

ಈ ಬೇಸಿಗೆಗೆ ನಿಮಗೆ ಸ್ಟೈಪೆಂಡ್ ಸಿಗುತ್ತೆ ಅಂತ ಲೆಕ್ಕ ಹಾಕಬೇಡಿ. ಅದಕ್ಕೇ ನಿಮ್ಮ ಜಿಲ್ಲೆಯಲ್ಲೇ ಮಾಡಿ ಅಂದದ್ದು. ಮನೆಯಲ್ಲಿ ಊಟ, ಶಕ್ತಿ ಯೋಜನೆಯಲ್ಲಿ ಸಾದಾ ಬಸ್ಸು ಪುಕ್ಕಟೆ. ಬಿಳಿ ಬಟ್ಟೆ, ಕಪ್ಪು ಕೋಟು ಅಂತ ಬಾರ್ ಕೌನ್ಸಿಲ್ ನಿಯಮ ಇದೆ, ಆದರೆ ಮೇ ತಿಂಗಳ ಗದಗಿನ ಬಿಸಿಲಲ್ಲಿ ಕೋಟನ್ನು ಚೀಲದಲ್ಲಿಟ್ಟುಕೊಂಡು ಕೋರ್ಟಿನ ಬಾಗಿಲಲ್ಲಿ ಹಾಕಿಕೊಳ್ಳಿ, ಯಾರೂ ಏನೂ ಅನ್ನಲ್ಲ. ಅರ್ಜಿ ಫೆಬ್ರವರಿ ಕೊನೆಯೊಳಗೆ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಚೀಲದಲ್ಲಿ ಬಿಳಿ ಹಾಳೆ, ಗುಂಡುಸೂಜಿ, ನೀರಿನ ಬಾಟಲಿ ಇರಲಿ. ಒಂದು ಸ್ಟಾಂಪ್ ಪ್ಯಾಡ್ ಕೂಡ, ನೀಲಿ ಮಸಿಯದು. ಜೊತೆಗೆ ಒಂದು ಹಳೇ ಬಟ್ಟೆ ತುಂಡು. ಹೆಬ್ಬೆಟ್ಟು ಒತ್ತಿದ ಮೇಲೆ ಬೆರಳು ಒರೆಸಿಕೊಳ್ಳೋಕೆ ಯಾವ ಕಚೇರಿಯಲ್ಲೂ ಏನೂ ಇಟ್ಟಿರಲ್ಲ, ಪಾಪ ಅವರು ಗೋಡೆಗೆ ಒರೆಸಿ ಬೈಸಿಕೊಳ್ಳುತ್ತಾರೆ.